ದೊಡ್ಡ ಟೈರ್ ಹಾಕಿಸಿದವರು ಹೇಳಿ, ಮೈಲೇಜ್ ಎಷ್ಟು ಬಿತ್ತು?

ಮೂಡಿಗೆರೆಯವನು: ನನ್ನದು 2018ರ ಇಸುಜು ವಿ-ಕ್ರಾಸ್ ಪಿಕಪ್. ಈಗ 245/70 ಆರ್16 ಟೈರ್ ಇದೆ. ಅದಕ್ಕಿಂತ ಅಗಲ, ಎತ್ತರ ಇರೋ 265/75 ಹಾಕಿಸೋ ಆಸೆ. ವಾರಕ್ಕೆ ಎರಡು ಸಲ ಹಾಸನಕ್ಕೆ ಹೋಗಿ ಬರುತ್ತೇನೆ. ಮೈಲೇಜ್ ಎಷ್ಟು ಇಳಿಯಬಹುದು?

ತೋಟದ ದಾರಿ: ಇದೇ ಗಾಡಿ, ಇದೇ 265/75 ಸೈಜು, ಕೆಸರಿಗೆ ಅಂತಲೇ ಇರೋ ಮಡ್ ಟೈರ್. ಹಾಕಿಸಿ ಎರಡು ಮಳೆಗಾಲ ಆಯಿತು. ಮೊದಲು ಫುಲ್ ಟ್ಯಾಂಕ್ ಲೆಕ್ಕದಲ್ಲಿ ಲೀಟರಿಗೆ 12.4 ಕಿಲೋಮೀಟರ್ ಬರುತ್ತಿತ್ತು, ಈಗ 10.1. ಖರ್ಚು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸ್ಟೆಪ್ನಿ ಸೇರಿ 5 ಟೈರಿಗೆ 78,000. ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಫ್ಲಾಪಿಗೆ ಕರ್ರ್ ಅಂತ ಉಜ್ಜುತ್ತಿತ್ತು, ಅದಕ್ಕೆ ಗಾಡಿ ಎತ್ತರಿಸೋ ಲಿಫ್ಟ್ ಕಿಟ್ 36,000. ಅಲೈನ್‌ಮೆಂಟ್ ಮೂರು ಸಲ. ಅಂಗಡಿಯವನು "ಅರ್ಧ ಕಿಲೋಮೀಟರ್ ಕಡಿಮೆ ಆಗಬಹುದು ಅಷ್ಟೇ ಸಾರ್" ಅಂದಿದ್ದ. ಮನೆಗೆ ತಂದು ಕಾಫಿ ತೂಗೋ ತಕ್ಕಡಿ ಮೇಲೆ ಇಟ್ಟೆ. ರಿಮ್ ಸಮೇತ ಹಳೆಯದು 27 ಕೆಜಿ, ಹೊಸದು 35. ಇನ್ನೇನು ಮೈಲೇಜ್ ಬರುತ್ತೆ? ಆದರೆ ಜುಲೈನಲ್ಲಿ ತೋಟದ ಇಳಿಜಾರಿಗೆ ಟ್ರ್ಯಾಕ್ಟರ್ ಕರೆಸೋದು ತಪ್ಪಿದೆ. ನನಗೆ ಬೇಜಾರಿಲ್ಲ.

ಲೆಕ್ಕದ ಮನುಷ್ಯ: 10.1 ಸುಳ್ಳು. ಹಳೆ ಟೈರಿನ ಎತ್ತರ 749 ಮಿಲಿಮೀಟರ್, ಹೊಸದು 804. ಒಂದು ಸುತ್ತಿಗೆ 7% ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗಲ್ಲ. 100 ತೋರಿಸಿದರೆ ನೀವು 107 ಓಡಿರುತ್ತೀರಿ. ನಿಮ್ಮ ನಿಜವಾದ ಮೈಲೇಜ್ 10.8. ನಾನೂ ಆರು ತಿಂಗಳು ಸುಮ್ನೆ ಕೊರಗಿದ್ದೆ. ಆಮೇಲೆ ಜಿಪಿಎಸ್ ಇಟ್ಟು ನೋಡಿದೆ. ಮೀಟರ್ 80 ಅಂದಾಗ ಮೊದಲು ಗಾಡಿ 77ರಲ್ಲಿ ಇರುತ್ತಿತ್ತು, ಈಗ 83. ಅಷ್ಟರಲ್ಲಿ ಎರಡು ಸಲ ಫೈನ್ ಕಟ್ಟಿ ಆಗಿತ್ತು.

ತೋಟದ ದಾರಿ: ಸುಳ್ಳು ಗಿಳ್ಳು ಅನ್ನಬೇಡಿ. ನಿಮ್ಮ ಲೆಕ್ಕ ಕೇಳಿ ಬಂಕಿನವನು 7% ದುಡ್ಡು ವಾಪಸ್ ಕೊಡುತ್ತಾನಾ?

ಮೀನು ಗಾಡಿ: ಇಬ್ಬರದೂ ಶೋಕಿ. ನನ್ನದು ಬೊಲೆರೋ ಪಿಕಪ್, ಮಂಗಳೂರು ಬಂದರಿನಿಂದ ಹಾಸನಕ್ಕೆ ಲೋಡು. 215/75 ತೆಗೆದು 235/75 ಹಾಕಿಸಿದೆ. ಎತ್ತರ ಬರೀ 3 ಸೆಂಟಿಮೀಟರ್ ಜಾಸ್ತಿ. ಅಷ್ಟಕ್ಕೇ ಶಿರಾಡಿ ಘಾಟಿಯಲ್ಲಿ ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ಗಾಡಿ ಎರಡಕ್ಕೆ ಇಳಿಯಿತು. ಲಾರಿ ಹಿಂದೆ ಅರ್ಧ ಕ್ಲಚ್ಚಿನಲ್ಲೇ ಒದ್ದಾಡಿ ಒದ್ದಾಡಿ, 11ನೇ ತಿಂಗಳಿಗೆ ಗುಂಡ್ಯ ದಾಟಿದ ಮೇಲೆ ಪ್ಲೇಟು ಸುಟ್ಟಿತು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ಪ್ಲೇಟು, ಕೂಲಿ 14,500. ಟೋಯಿಂಗ್ 6,000. ಐಸು ಕರಗಿ ಹಿಂದಿನ ಡೋರಿನಿಂದ ತೊಟ್ಟಿಕ್ಕುತ್ತಿತ್ತು. ಬಂಗುಡೆ ಅರ್ಧ ರೇಟಿಗೆ ಹೋಯಿತು, ಬೂತಾಯಿ ಚೆಲ್ಲಿದೆ. ಮಾರನೇ ವಾರ ಹಳೆ ಸೈಜಿಗೇ ವಾಪಸ್.

ಲೆಕ್ಕದ ಮನುಷ್ಯ: ಓವರ್‌ಲೋಡ್ ಎಷ್ಟಿತ್ತು, ಅದನ್ನೂ ಹೇಳಿ.

ಮೀನು ಗಾಡಿ: ಒಂದು ದಿನ ನನ್ನ ಪಕ್ಕ ಕೂತು ಘಾಟಿ ಹತ್ತಿ, ಆಮೇಲೆ ಮಾತಾಡಿ.

ಬೈಕ್ ಸವಾರ: ಟೈರ್ ಬಿಡಿ. ನೀವು ಮೀನಿನ ನೀರು ರಸ್ತೆಗೆ ಸುರಿಸಿಕೊಂಡು ಹೋಗೋದು ಯಾವಾಗ ನಿಲ್ಲಿಸ್ತೀರಿ? ನಾನು ತಿರುವಿನಲ್ಲಿ ಜಾರಿ ಬಿದ್ದು ಮೊಣಕೈಗೆ 9 ಹೊಲಿಗೆ.

ಮೀನು ಗಾಡಿ: ನನ್ನ ಗಾಡಿಗೆ ಮೀನಿನ ನೀರು ಹಿಡಿಯೋ ಟ್ಯಾಂಕ್ ಇದೆ. ಬೇರೆಯವರ ಪಾಪ ನನ್ನ ತಲೆಗೆ ಕಟ್ಟಬೇಡಿ.

ಬೈಕ್ ಸವಾರ: ಹಿಂದಿನ ಡೋರಿನಿಂದ ತೊಟ್ಟಿಕ್ಕುತ್ತಿತ್ತು ಅಂತ ಬರೆದದ್ದು ನೀವೇ ಅಲ್ವಾ?

ಮೂಡಿಗೆರೆಯವನು: ಸಾರ್, ನಾನು ಹಾಸನದ ರಸ್ತೆ ಕೇಳಿದ್ದು. ಅರ್ಧ ಟಾರು, ಅರ್ಧ ತೋಟ. ಮಡ್ ಟೈರ್ ಬೇಡ, ಟಾರು ಮಣ್ಣು ಎರಡಕ್ಕೂ ಆಗೋ ಆಲ್ ಟೆರೇನ್ ಹಾಕಿಸಿದರೆ?

ಜೋಡುಗಟ್ಟೆ: ಯಾವುದಾದರೂ ಹಾಕಿಸಿ. ತೆಗೆದ 245 ಟೈರ್ ಯಾರಿಗೂ ಕೊಡಬೇಡಿ, ನನಗೆ ನಾಲ್ಕೂ ಬೇಕು. ರೇಟು ಹೇಳಿ.