ಪಾರ್ಕಿಂಗ್ ಕೆಳಗೆ ಮುಚ್ಚಿಹೋದ ಬಾವಿ, ಮ್ಯೂಆನ್‌ನಿಂದ ಪತ್ತೆ ಹಚ್ಬಹುದಾ?

ಮುಲುಂಡ್‌ವಾಸಿ:
ನಮ್ಮ ಸೊಸೈಟಿ ರೀಡೆವಲಪ್‌ಮೆಂಟ್‌ಗೆ ಹೋಗ್ತಿದೆ. ಮೂರನೇ ಮಹಡಿ ಅಜ್ಜ ಒಬ್ರು, ಪಾರ್ಕಿಂಗ್ ಜಾಗದಲ್ಲಿ ಮೊದ್ಲು ಬಾವಿ ಇತ್ತು, ಬಿಲ್ಡಿಂಗ್ ಕಟ್ಟುವಾಗ ಚಪ್ಪಡಿ ಎಳೆದು ಸಿಮೆಂಟ್ ಹಾಕಿಬಿಟ್ರು ಅಂತಾರೆ, ಕಾಂಟ್ರಾಕ್ಟರ್ ನಕ್ಕು ಸುಮ್ನಾದ. 2017ರಲ್ಲಿ ಈಜಿಪ್ಟಿನ ಖುಫು ಪಿರಮಿಡ್ಡಲ್ಲಿ ಒಂದು ಕಲ್ಲೂ ಕೀಳದೆ 30 ಮೀಟರ್ ಉದ್ದದ ಪೊಳ್ಳು ಜಾಗ ಹಿಡಿದ್ರಲ್ಲ ಮ್ಯೂಆನ್ ಅನ್ನೋ ಸೂಕ್ಷ್ಮ ಕಣಗಳ ಲೆಕ್ಕ ಹಾಕಿ, ಅದು ಇಲ್ಲಿ ಆಗಲ್ವಾ? ಕೊಲಾಬಾದಲ್ಲಿ ಟಿಐಎಫ್‌ಆರ್ (ಟಾಟಾ ವಿಜ್ಞಾನ ಸಂಶೋಧನಾ ಸಂಸ್ಥೆ) ಇದೆ ಬೇರೆ, ಹೋಗಿ ಕೇಳ್ಲಾ?

ರಿಟೈರ್ಡ್ ಮೇಷ್ಟ್ರು:
ಕೇಳಿ ಮಾರಾಯ್ರೆ, ಆದ್ರೆ ಒಂದು ತೊಡಕುಂಟು. ಮ್ಯೂಆನ್ ಬರೋದು ಮೇಲಿಂದ. ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣ ಸುಮಾರು 15 ಕಿಮೀ ಎತ್ತರದಲ್ಲಿ ಗಾಳಿಗೆ ಬಡಿದು ಹುಟ್ತವೆ, ಈಗ ನೀವು ಅಂಗೈ ಚಾಚಿದ್ರೂ ಸೆಕೆಂಡಿಗೆ ಒಂದರಂತೆ ತೂರಿ ಹೋಗ್ತಿರ್ತವೆ. ಕಲ್ಲು ದಪ್ಪ ಇದ್ದ ಕಡೆ ಹೆಚ್ಚು ತಡೆದು ನಿಲ್ತವೆ, ಪೊಳ್ಳಿದ್ದ ಕಡೆಯಿಂದ ಸ್ವಲ್ಪ ಜಾಸ್ತಿ ಬರ್ತವೆ, ಅಷ್ಟೇ. ಅಂದ್ರೆ ಡಿಟೆಕ್ಟರ್ ಬಾವಿಗಿಂತ ಕೆಳಗಿರ್ಬೇಕು. ಪಿರಮಿಡ್ಡಲ್ಲಿ ರಾಣಿ ಕೋಣೆ ಮೊದ್ಲೇ ಇತ್ತು, ಅಲ್ಲಿ ಮ್ಯೂಆನ್ ಗುರುತು ಮೂಡೋ ಫಿಲ್ಮ್ ಇಟ್ರು. ನೀವು ಬಾವಿ ಹುಡುಕೋಕೆ ಇನ್ನೊಂದು ಬಾವಿ ತೋಡ್ಬೇಕಾಗ್ತದೆ.

ಕೋಲಾರದೋನು:
ಟಿಐಎಫ್‌ಆರ್‌ನವ್ರು ನಮ್ಮ ಕೆಜಿಎಫ್ ಗಣಿಗೆ ಡಿಟೆಕ್ಟರ್ ಇಳ್ಸಿ ಎಷ್ಟು ಆಳಕ್ಕೆ ಎಷ್ಟು ಮ್ಯೂಆನ್ ಉಳೀತವೆ ಅಂತ ಎಣಿಸಿದ್ರು, ಎರಡು ಕಿಮೀಗಿಂತ ಕೆಳಗೆ ಅದು ಹೆಚ್ಚೂಕಮ್ಮಿ ನಿಂತೇ ಹೋಗಿ 1965ರಲ್ಲಿ ಅಲ್ಲೇ ಎಷ್ಟು ದಪ್ಪ ಬಂಡೆಯನ್ನೂ ತೂರಿ ಬರೋ ನ್ಯೂಟ್ರಿನೋ ಕಣ ಸಿಕ್ತು. ಪಾರ್ಕಿಂಗ್ ಬಾವಿ ಅವ್ರಿಗೆ ಚಿಲ್ಲರೆ ಬಿಡಿ 😄

ಮುಲುಂಡ್‌ವಾಸಿ:
ಪಕ್ಕದಲ್ಲೇ ಒಣಗಿದ ಬೋರ್‌ವೆಲ್ ಇದೆ, ಅದ್ರೊಳಗೆ ಇಳಿಸಿದ್ರೆ?

ರಿಟೈರ್ಡ್ ಮೇಷ್ಟ್ರು:
ಒಳ್ಳೇ ಪ್ರಶ್ನೆ! ಬೋರ್‌ಗೆ ಇಳಿಯೋ ಡಿಟೆಕ್ಟರೂ ಇವೆ. ಆದ್ರೆ ಆರಿಂಚಿನ ತೂತು, ಒಂದು ದಿಕ್ಕಲ್ಲಿ 1% ವ್ಯತ್ಯಾಸ ಕಾಣ್ಬೇಕಾದ್ರೂ ಆ ದಿಕ್ಕಿಂದ ಕನಿಷ್ಠ 10,000 ಮ್ಯೂಆನ್ ಎಣಿಸ್ಬೇಕು, ವಾರಗಟ್ಲೆ ಕಾಯೋ ಕೆಲ್ಸ. ಬಾವಿ ಖಾಲಿ ಇದ್ರೆ, ನೀರೇ ಇದ್ರೂ, ಸುತ್ತಲ ಕಪ್ಪು ಬಂಡೆ ನೀರಿಗಿಂತ ಹತ್ರತ್ರ ಮೂರು ಪಟ್ಟು ಭಾರ, ಹಾಗಾಗಿ ಗೊತ್ತಾಗ್ತದೆ. ಡೆಬ್ರಿಸ್ ತುಂಬಿ ಮುಚ್ಚಿದ್ರೆ ಅದೂ ಕಷ್ಟ.

ಥಾಣೆ ಸೈಟ್ ಎಂಜಿನಿಯರ್:
ರೀ ಜಿಪಿಆರ್ (ನೆಲದೊಳಗೆ ರೇಡಿಯೋ ಅಲೆ ಬಿಟ್ಟು ನೋಡೋ ರೇಡಾರ್) ತರ್ಸಿ ಸಾಕು. ಹುಲ್ಲು ಕತ್ತರಿಸೋ ಗಾಡಿ ಥರ ತಳ್ಕೊಂಡು ಹೋಗೋದು, ಅರ್ಧ ದಿನದ ಕೆಲ್ಸ, ಚಪ್ಪಡಿ ಇದ್ರೆ ಮೇಲೇ ಸಿಗುತ್ತೆ. ಮಳೆಗಾಲ ಮುಗೀಲಿ ಮಾತ್ರ, ಒದ್ದೆ ಜೇಡಿಮಣ್ಣಲ್ಲಿ ಸಿಗ್ನಲ್ ಸತ್ತೋಗುತ್ತೆ. ಅದಕ್ಕೂ ಮೊದ್ಲು ಅಜ್ಜನ್ನ ಕೆಳಗೆ ಕರ್ಕೊಂಡು ಬಂದು ಎಲ್ಲಿ ಅಂತ ಕೇಳಿದ್ರಾ?

ಮುಲುಂಡ್‌ವಾಸಿ:
ಈಗ ಕೇಳ್ದೆ. ಕೋಲು ಊರಿ ತೋರ್ಸಿದ್ರು. ಸೆಕ್ರೆಟರಿ ಕಾರು ನಿಲ್ಲೋ ಜಾಗ.