ಅಂಗನವಾಡಿ ಮಕ್ಕಳ ತಾಳ ತಪ್ಪುತ್ತಿದೆ, ಏನು ಮಾಡಲಿ?

ಪ್ರಶ್ನೆ (ಶಿರಸಿ): 3ರಿಂದ 5 ವರ್ಷದ 18 ಮಕ್ಕಳು. ಹಾಡಿಗೆ ಚಪ್ಪಾಳೆ ಹಾಕಿಸಿದರೆ ಎರಡೇ ಸಾಲಿಗೆ ಗದ್ದಲ. ಈ ಹಾಡು, ಕುಣಿತ ಕಲಿಕೆಗೆ ಒದಗುತ್ತದೆಯೇ?

ಉತ್ತರ 1: ಅಕ್ಕೋರೇ, ನಿಮ್ಮ ಲಯ ತೀರಾ ನಿಧಾನ ಆಗಿರಬಹುದು. ಈ ವಯಸ್ಸಿಗೆ ನಿಧಾನವೇ ಕಷ್ಟ. ನಿಮಿಷಕ್ಕೆ 120 ಪೆಟ್ಟಿನ ಆಸುಪಾಸು ಇಡಿ, 4 ಎಣಿಕೆ ಸಾಕು. ಮೊದಲು ಬರೀ ಹಾಡು, ಮರುದಿನ ಹೆಜ್ಜೆ, ಚಪ್ಪಾಳೆ ಆಮೇಲೆ. ಮೂರೂ ಒಟ್ಟಿಗೆ ಹೇರಿದರೆ ತಪ್ಪದೆ ಇನ್ನೇನು!

ಉತ್ತರ 2 (ಕುಮಟಾ): ಖಂಡಿತ ಒದಗುತ್ತದೆ. ‘ಹ-ಲ-ಸು’ ಮೂರು ಚಪ್ಪಾಳೆ, ‘ಬಾ-ಳೆ’ ಎರಡು. ಬರೆಯುವ ಮೊದಲೇ ಶಬ್ದ ಒಡೆಯುವುದು ಕಿವಿಗೆ ಸಿಗುತ್ತದೆ. ತಾಳ ನಿಂತಾಗ ಗಕ್ಕನೆ ನಿಲ್ಲುವ ಆಟವನ್ನೂ ಆಡಿಸಿ, ಮೈ ಹಿಡಿತಕ್ಕೆ ಬರುತ್ತದೆ. ವಾದ್ಯಕ್ಕೆ ಎರಡು ತೆಂಗಿನ ಕರಟ. ಅಂಚು ಮಾತ್ರ ಉಜ್ಜಿ ನುಣುಪು ಮಾಡಿ.

ಉತ್ತರ 3 (ಕಾರವಾರ): ಶ್ರುತಿಯನ್ನೂ ನೋಡಿ. ದೊಡ್ಡವರ ಮಂದ್ರಕ್ಕೆ (ತಗ್ಗಿನ ಸ್ವರಕ್ಕೆ) ಮಕ್ಕಳ ದನಿ ಇಳಿಯದು. ಮಳೆಗಾಲದಲ್ಲಿ ನೆಲ ಒರೆಸಿ, ಬರಿಗಾಲಲ್ಲೇ ಕುಣಿಸಿ.