ಎವೆ ಡೋಲನ್ನು ಹೆಡ್‌ಫೋನಿಗೆಂದು ರೆಕಾರ್ಡ್ ಮಾಡಿದವರು ಇದ್ದೀರಾ? ಅನುಭವ ಹೇಳಿ

ಟೆಮಾ_ಹೊಸಬ: ಘಾನಾದ ಟೆಮಾದಲ್ಲಿ ಕೆಲಸ, ಬಂದು ಏಳು ತಿಂಗಳು. ಮುಂದಿನ ತಿಂಗಳು ಕೇಟಾ ಹತ್ತಿರದ ಒಂದು ಎವೆ ಊರಲ್ಲಿ (ಕಣ್ಣಿನ ಎವೆ ಅಲ್ಲ, ಜನ) ಅಗ್ಬೆಕೋರ್ (ಅವರ ಡೋಲಿನ ಕುಣಿತ) ಬಾರಿಸ್ತಾರಂತೆ. ಜೊತೆಗೆ ಕೆಲಸ ಮಾಡುವವನು ಕರೆದಿದ್ದಾನೆ. ಅಪ್ಪ ಮೃದಂಗ ನುಡಿಸುವವರು. ಅವರು ಮೈಸೂರಲ್ಲಿ ಕೂತು ಹೆಡ್‌ಫೋನ್ ಹಾಕಿಕೊಂಡರೆ ಡೋಲುಗಳ ನಡುವೆಯೇ ಕೂತ ಹಾಗಿರಬೇಕು, ಅಂದರೆ ಬೈನಾರಲ್. ನನ್ನ ಕಿವಿಗೇ ಸಿಕ್ಕಿಸುವ ಮೈಕ್ ಸಾಕಾ, ಕಿವಿಯೊಳಗೆ ಮೈಕ್ ಇಟ್ಟ ಡಮ್ಮಿ ತಲೆ ಬೇಕಾ? 40,000 ರೂಪಾಯಿ ಇದೆ.

ಮೈಕ್_ಮಂಜ: ಗುರು, ನನ್ನ ಕಥೆ ಕೇಳು. ಕಿವಿ ಮೈಕಿಗೆ 9,500 ಕೊಟ್ಟೆ, ಕಸ್ಟಮ್ಸ್‌ನವರು 2,100 ಕಿತ್ತರು. ಅಕ್ರಾದ ಜೇಮ್ಸ್‌ಟೌನಲ್ಲಿ ಕ್ಪಾನ್‌ಲೋಗೋ ಬಾರಿಸ್ತಿದ್ದರು, ಡೋಲಿಂದ ಒಂದು ಮಾರು ದೂರದಲ್ಲಿ ನಿಂತೆ. ಮೀಟರ್ ನೋಡಿದ್ರೆ -8, ಎಲ್ಲ ಚೆನ್ನಾಗಿದೆ ಅಂದುಕೊಂಡೆ. ರೂಮಿಗೆ ಬಂದು ಕೇಳಿದರೆ 52 ನಿಮಿಷವೂ ಚರಚರ ಅನ್ನುತ್ತೆ. ಒಂದೊಂದು ಏಟೂ ಹರಿದ ಕಾಗದ! ರೆಕಾರ್ಡರಿನ ತಪ್ಪಲ್ಲ. ಆ ಪುಟ್ಟ ಮೈಕಿಗೆ ರೆಕಾರ್ಡರ್ ಕೊಡೋದು ಎರಡೂವರೆ ವೋಲ್ಟ್, ಹತ್ತಿರದ ಏಟು ಬಿದ್ದರೆ ಮೈಕಿನ ಗಂಟಲೇ ಕಟ್ಟಿಹೋಗುತ್ತೆ. ಆಮೇಲೆ ಗೇನ್ ಎಷ್ಟು ಇಳಿಸಿದರೂ ಕೆಟ್ಟದ್ದು ಕೆಟ್ಟದ್ದೇ, ಸಣ್ಣದಾಗಿ ಕೇಳುತ್ತೆ ಅಷ್ಟೆ. 9 ವೋಲ್ಟಿನ ಬ್ಯಾಟರಿ ಬಾಕ್ಸ್ ತರಿಸಿದೆ, 2,800. ಅದು ಬರೋಕೆ ಆರು ವಾರ. ಅಷ್ಟರಲ್ಲಿ ಆ ತಂಡ ಊರು ಬಿಟ್ಟಿತ್ತು.

ಬೊಂಬೆತಲೆ: ಮಂಜ ಹೇಳಿದ್ದು ಕೇಳಿದರೆ ನಿಮಗೂ ಅದೇ ಗತಿ. ಡಮ್ಮಿ ತಲೆಯೇ ಸರಿ, ಆದರೆ ನಾಯ್ಮನ್ ಕೆಯು 100 ಅಂತ ಹುಡುಕಬೇಡಿ, ಒಂದು ಕಾರು ಬರುತ್ತೆ ಆ ದುಡ್ಡಿಗೆ. ನಾನೇ ಮಾಡಿದೆ. ಮಕೋಲಾ ಮಾರ್ಕೆಟ್ಟಲ್ಲಿ ವಿಗ್ ಅಂಗಡಿಯವಳ ಬೊಂಬೆ ತಲೆ 180 ಸೆಡಿ, ಹತ್ತಿರಹತ್ತಿರ 1,200 ರೂಪಾಯಿ. ಸಿಲಿಕಾನ್ ಕಿವಿ 4,600, ಪ್ರೈಮೋ ಮೈಕ್ ಕ್ಯಾಪ್ಸೂಲ್ ಎರಡು 3,100, ಕಸ್ಟಮ್ಸ್ 2,250, ರೆಕಾರ್ಡರ್ 19,500, ಅಂಟು ವೈರು 750. ಒಟ್ಟು 31,400, ಒಂದು ಪೈಸೆ ಹೆಚ್ಚಿಲ್ಲ. ಮೊದಲ ತಲೆ ದಪ್ಪ ಇತ್ತು, ಕಿವಿಯಿಂದ ಕಿವಿಗೆ 22 ಸೆಂ.ಮೀ. ಕೇಳಿದರೆ ಎಡಗಡೆಯ ಸಣ್ಣ ಡೋಲು ಕಗಾನು ಪಕ್ಕದ ಊರಲ್ಲಿ ಬಾರಿಸಿದ ಹಾಗೆ! ಒಂದು ಕಿವಿಯಿಂದ ಇನ್ನೊಂದಕ್ಕೆ ಸದ್ದು ತಡವಾಗೋದೇ ಹೆಚ್ಚೆಂದರೆ 0.7 ಮಿಲಿಸೆಕೆಂಡು, ಅದು ತಪ್ಪಿದರೆ ಮಿದುಳು ಒಪ್ಪಲ್ಲ. ಎರಡನೇ ತಲೆ 17.5. ಈಗ ಅತ್ಸಿಮೆವು (ಮುಖ್ಯ ಡೋಲು) ಬಾರಿಸುವವನು ಕೋಲು ಬದಲಾಯಿಸಿದರೂ ಎಲ್ಲಿ ನಿಂತಿದ್ದಾನೆ ಅಂತ ತೋರಿಸ್ತೀನಿ.

ಒಂದೇ ತೊಂದರೆ ಆಗಿತ್ತು. ಡೋಲಿನವರ ಬೆಂಚಿನ ಎದುರು ಕೋಲಿಗೆ ಸಿಕ್ಕಿಸಿದ ತಲೆ ನಿಲ್ಲಿಸಿದೆ. ಅಗ್ಬೆಕೋರ್ ಅಂದರೆ ಯುದ್ಧದ ಕುಣಿತ. ಹಿರಿಯರೊಬ್ಬರು ಎದ್ದು ಬಂದು, ಇದು ಯಾರ ತಲೆ, ಯಾಕೆ ತಂದೆ ಅಂದರು. ಬಟ್ಟೆ ಮುಚ್ಚಿಸಿದರು, ಮೊದಲು ಕೊಟ್ಟದ್ದಲ್ಲದೆ ಇನ್ನೊಂದು ಬಾಟಲಿ ಶ್ನಾಪ್ಸ್ (ಮದ್ಯ) ಕೊಡಬೇಕಾಯಿತು.

ಡಕಾರ್_ಅಕ್ಕ: ಇನ್ನೊಂದು ಬಾಟಲಿಯಂತೆ. ರುಂಡ ತಂದು ಇಟ್ಟಿದ್ದಕ್ಕೆ ಅಷ್ಟರಲ್ಲೇ ಬಿಟ್ಟರಲ್ಲ, ಪುಣ್ಯ. ಸ್ವಂತ ತಲೆ ಇರುವಾಗ ಬೊಂಬೆ ತಲೆ ಯಾಕೆ?

ನಾನು ಸೆನೆಗಲ್‌ನ ಡಕಾರಿನ ಮೆದಿನಾದಲ್ಲಿ ಸಬಾರ್ ಡೋಲು ರೆಕಾರ್ಡ್ ಮಾಡಿದ್ದು. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದು ಬರಿಗೈ. ಕಡ್ಡಿ ಬಿದ್ದರೆ ಚಾಟಿ ಏಟಿನ ಹಾಗೆ. ಕಿವಿ ಮೈಕು ಒಳ್ಳೆಯದೇ, ಡಿಪಿಎ ಕಂಪನಿಯದ್ದು, ಬೆಲೆ ಹೇಳಲ್ಲ, ಮನೆಯವರೂ ಇದನ್ನೆಲ್ಲ ಓದ್ತಾರೆ. ಚರಚರ ಇಲ್ಲ, ಗಾಳಿ ಇಲ್ಲ. ಆದರೆ ತಾಳಕ್ಕೆ ತಲೆ ಆಡಿಸಿದೆ! ಗೊತ್ತೇ ಆಗಲಿಲ್ಲ. ಹೆಡ್‌ಫೋನಲ್ಲಿ ಕೇಳಿದರೆ 40 ನಿಮಿಷ ಇಡೀ ಬೀದಿ ಉಯ್ಯಾಲೆ ತೂಗುತ್ತೆ. ನನ್ನ ತಂಗಿಗೆ ವಾಂತಿ ಬರೋ ಹಾಗಾಯ್ತು. ನಡುವೆ ಒಬ್ಬ ಅಜ್ಜಿ ಕೈ ಹಿಡಿದು ಕುಣಿತಕ್ಕೆ ಎಳೆದರು, ಅಲ್ಲಿಂದ ನನ್ನದೇ ಏದುಸಿರು. ಎರಡನೇ ಸಲ ಗೋಡೆಗೆ ತಲೆ ಒತ್ತಿ ನಿಂತೆ, ಉಗುಳು ಕೂಡ ನುಂಗಲಿಲ್ಲ. ಸಬಾರ್ ಕೇಳುತ್ತಾ ಮರದ ಹಾಗೆ ನಿಲ್ಲೋದು ಎಂಥ ಶಿಕ್ಷೆ ಅಂತ ನಿಂತವರಿಗೇ ಗೊತ್ತು.

ಬೊಂಬೆತಲೆ: ಅದಕ್ಕೇ ಮೇಡಂ ಹೇಳಿದ್ದು. ಬೊಂಬೆ ತಲೆ ಆಡಿಸಲ್ಲ, ಉಗುಳೂ ನುಂಗಲ್ಲ.

ರಜೆ_ಹೋಯ್ತು: ಮೈಕು ಆಮೇಲೆ, ಮೊದಲು ಕ್ಯಾಲೆಂಡರ್ ನೋಡಿ ಮಾರಾಯ್ರೆ. ನಾನು ಮಂಗಳೂರಿಂದ ಅಕ್ರಾಕ್ಕೆ ಇದಕ್ಕೆಂದೇ ಹೋದವ, ಟಿಕೆಟ್ಟಿಗೆ 78,000, ಹದಿನೈದು ದಿನ ರಜೆ, ಮೇ ತಿಂಗಳು. ಇಳಿದರೆ ಇಡೀ ಊರಲ್ಲಿ ಡೋಲು ಬಾರಿಸುವ ಹಾಗಿಲ್ಲ! ಹೊಮೊವೊ ಹಬ್ಬಕ್ಕೆ ಮೊದಲು ಗಾ ಜನರ ಕಡೆ 30 ದಿನ ಡೋಲು, ಗದ್ದಲ ಎಲ್ಲ ನಿಷೇಧ, ಚರ್ಚಿನವರೂ ಸದ್ದು ಇಳಿಸಬೇಕು. ಹೋಟೆಲಿನವನಿಗೆ ಗೊತ್ತಿತ್ತು, ಹೇಳಲಿಲ್ಲ. ಒಂಬತ್ತು ದಿನ ಬಾಳೆಕಾಯಿ ಚಿಪ್ಸ್ ತಿಂದುಕೊಂಡು ಕೂತೆ. ಕಡೆಗೆ ವೋಲ್ಟಾ ಕಡೆ ಟ್ರೋಟ್ರೋ ಹತ್ತಿದೆ, ಅಲ್ಲಿ ಸಮುದ್ರದ ಗಾಳಿ. ಕಿವಿ ಮೈಕಿಗೆ ತುಪ್ಪಳದ ಟೊಪ್ಪಿ ಇರಲಿಲ್ಲ. ಎಲ್ಲ ಭರ್ರೋ.

ಮೈಕ್_ಮಂಜ: ಅವರು ಹೋಗ್ತಿರೋದು ಕೇಟಾಗೆ, ಅದು ಎವೆ ನಾಡು. ಗಾ ನಿಷೇಧಕ್ಕೂ ಅದಕ್ಕೂ ಏನು ಸಂಬಂಧ?

ರಜೆ_ಹೋಯ್ತು: ಸಂಬಂಧ ಇಲ್ಲ. ನನ್ನ 78,000ಕ್ಕೆ ಸಂಬಂಧ ಉಂಟು.

ಲೆಗಾನ್_ಎಂಎ: ಒಬ್ಬರಾದರೂ ಬಾರಿಸುವವರಿಗೆ ಎಷ್ಟು ಕೊಟ್ಟಿರಿ ಅಂತ ಬರೆದಿದ್ದೀರಾ? ಸಿಲಿಕಾನ್ ಕಿವಿಗೆ 4,600, ಡೋಲಿನವರಿಗೆ ಬಾಟಲಿ. ಘಾನಾದಲ್ಲಿ 2005ರ ಕಾಪಿರೈಟ್ ಕಾಯ್ದೆ, ಆಕ್ಟ್ 690, ಜನಪದ ಕಲೆಯನ್ನೂ ಕಾಯುತ್ತೆ. ಮಾರಾಟಕ್ಕೆ ಬಳಸೋದಾದರೆ ಅನುಮತಿ ಬೇಕು. ಮಂಜ, ನೀವು ಆಮೇಲೆ ಮಾಡಿದ ರೆಕಾರ್ಡಿಂಗ್ ಮಾರಾಟಕ್ಕಿತ್ತು, ನಾನೇ ನೋಡಿದ್ದೇನೆ.

ಮೈಕ್_ಮಂಜ: ಮಾರಿದ್ದು ಮೂರು, ಬಂದದ್ದು 447 ರೂಪಾಯಿ, ಬ್ಯಾಟರಿ ಬಾಕ್ಸಿನ ದುಡ್ಡೂ ಹುಟ್ಟಲಿಲ್ಲ. ತಂಡಕ್ಕೆ 600 ಸೆಡಿ ಕೈಗೇ ಕೊಟ್ಟಿದ್ದೆ. ಗೊತ್ತಿಲ್ಲದೆ ಬಾಯಿಗೆ ಬಂದದ್ದು ಅನ್ನಬೇಡಿ ಸ್ವಾಮಿ.

ಲೆಗಾನ್_ಎಂಎ: ಎಷ್ಟು ಜನಕ್ಕೆ 600?

ಮೈಕ್_ಮಂಜ: ಹನ್ನೊಂದು. ಈಗ ಭಾಗಾಕಾರ ಮಾಡಿಕೊಂಡು ಕೂತಿರಿ.

ಹಳಿಯಾಳ_ಹುಡುಗ: ಅಲ್ರೀ, ಅಷ್ಟು ದೂರ ಯಾಕ್ ಹೋಗ್ತೀರಿ? ನಮ್ಮ ಹಳಿಯಾಳ, ಯಲ್ಲಾಪುರದ ಸಿದ್ದಿ ಮಂದಿ ಡಮಾಮಿ ಬಾರಸ್ತಾರ, ಅದೂ ಆಫ್ರಿಕಾದ್ದ ಐತಿ. ಬಸ್ ಚಾರ್ಜಿನ್ಯಾಗ ಮುಗೀತೈತಿ.

ಡಕಾರ್_ಅಕ್ಕ: ಸಿದ್ದಿಯರಲ್ಲಿ ಹೆಚ್ಚಿನವರ ಮೂಲ ಪೂರ್ವ ಆಫ್ರಿಕಾ, ಮೊಜಾಂಬಿಕ್ ಕಡೆ. ಪೋರ್ಚುಗೀಸರು ಗೋವಾಕ್ಕೆ ಹಿಡಿದು ತಂದದ್ದು. ಎವೆ ಜನರಿಗೂ ಅವರಿಗೂ ಖಂಡದಷ್ಟು ದೂರ. ಆಫ್ರಿಕಾ ಅಂದರೆ ಒಂದೇ ಊರಾ? ಯಕ್ಷಗಾನದ ಚೆಂಡೆ ಕೇಳಬೇಕು ಅಂದವನಿಗೆ ಪಂಜಾಬಿನ ಢೋಲ್ ಸಾಕು ಅಂದ ಹಾಗಾಯ್ತು.

ಹಳಿಯಾಳ_ಹುಡುಗ: ದೂರ ಇರ್ಲಿ ಅಕ್ಕಾರ. ಆದ್ರ ನಮ್ಮವರದ್ದು ಒಬ್ಬರಾದ್ರೂ ಹಿಂಗ ಕಿವಿಗೆ ಮೈಕ್ ಹಾಕಿ ಹಿಡದೀರೇನ? ವಿಮಾನ ಹತ್ತಿದ್ರ ಅಷ್ಟ ಡೋಲು ಕೇಳಸ್ತೈತಿ ನಿಮಗ.

ಡಕಾರ್_ಅಕ್ಕ: ಆ ಮಾತು ಒಪ್ಪಿದೆ.

ಬೊಂಬೆತಲೆ: ವಿಷಯಕ್ಕೆ ಬನ್ನಿ. ಹೊಸಬರೇ, ಗಾಂಕೋಗುಯಿ ಗಂಟೆಯವನಿಂದ ನಾಲ್ಕು ಮೀಟರ್ ದೂರ, ಕೂತವರ ಕಿವಿಯ ಎತ್ತರ. ಅಹಾತ್ಸೆ ಗಿಲಕಿ ಆಡಿಸುವವರನ್ನು ಬೆನ್ನ ಹಿಂದೆ ಬಿಡಿ.

ಮೈಕ್_ಮಂಜ: ಹಿಂದೆ ಬಿಟ್ಟರೆ ಕೇಳುವವರಿಗೆ ಮುಂದೆಯೇ ಕೇಳುತ್ತೆ. ನಿಮ್ಮ ಸಿಲಿಕಾನ್ ಕಿವಿ ಇವರ ಅಪ್ಪನ ಕಿವಿಯಲ್ಲ, ಕೇಳುವಾಗ ತಲೆ ತಿರುಗಿಸಿದರೆ ಸದ್ದೂ ಜೊತೆಗೇ ತಿರುಗುತ್ತೆ. ಹಿಂದೆ-ಮುಂದೆ ಗೊಂದಲ ಬಂದೇ ಬರುತ್ತೆ. ನಿಮ್ಮದರಲ್ಲೂ ಇದೆ, ಕೇಳಿದ್ದೀನಿ.

ಬೊಂಬೆತಲೆ: ಯಾವ ಹೆಡ್‌ಫೋನಲ್ಲಿ ಕೇಳಿದ್ರಿ?

ಮೈಕ್_ಮಂಜ: ಫೋನ್ ಸ್ಪೀಕರಲ್ಲಿ.

ಬೊಂಬೆತಲೆ: ಫೋನ್ ಸ್ಪೀಕರಲ್ಲಿ! ಎರಡು ಕಿವಿಗೂ ಎರಡೂ ಸದ್ದು ಕಲಸಿ ಬಿದ್ದ ಮೇಲೆ ಬೈನಾರಲ್ ಎಲ್ಲಿ ಉಳಿಯಿತು ಸ್ವಾಮಿ? ನನ್ನ ಪಾಲಿಗೆ ಇಲ್ಲಿಗೆ ಮುಗೀತು. ಸೆಪ್ಟೆಂಬರಲ್ಲಿ ಊರಿಗೆ ವಾಪಸ್, ತಲೆ ಮಾರ್ತಿದ್ದೀನಿ. ಎಡಗಿವಿ ಸ್ವಲ್ಪ ಹರಿದಿದೆ.

ಟೆಮಾ_ಹೊಸಬ: ಎಷ್ಟಕ್ಕೆ ಕೊಡ್ತೀರಾ ಸರ್? ಮುಚ್ಚುವ ಬಟ್ಟೆ ಸೇರಿಸಿ?